ಗಾಳಿ ಎಷ್ಟು ಜೋರಿತ್ತು, ಎಷ್ಟು ಹಾಳು ಮಾಡಿತು: ಸುಂಟರಗಾಳಿಯ ಲೆಕ್ಕವನ್ನು ಸ್ಪ್ರೆಡ್‌ಶೀಟ್ ಚಾರ್ಟ್‌ನಲ್ಲಿ ಓದುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್, ಮೇ ತಿಂಗಳ ಸಂಜೆ ಬೀಸುವ ಗಾಳಿಮಳೆ ಏನು ಮಾಡುತ್ತದೆ ಅಂತ ಕೊಪ್ಪಳ, ಗಂಗಾವತಿ, ಕಾರಟಗಿ ಕಡೆಯವರಿಗೆ ಹೇಳಬೇಕಾಗಿಲ್ಲ. ಕೊಯ್ಲಿಗೆ ಬಂದ ನೆಲ್ಲು ನೆಲ ಕಚ್ಚುತ್ತದೆ. ಮನೆ ಮೇಲಿನ ತಗಡು ಹಾರುತ್ತದೆ. ಕರೆಂಟ್ ಕಂಬ ಮುರಿದು ಊರಿಗೆ ಊರೇ ಕತ್ತಲಾಗುತ್ತದೆ. ಮರುದಿನ ಎಲ್ಲರ ಬಾಯಲ್ಲೂ ಒಂದೇ ಮಾತು: ಇಷ್ಟು ಜೋರು ಗಾಳಿ ಕಂಡೇ ಇರಲಿಲ್ಲ. ಆದರೆ ಗಾಳಿ ಎಷ್ಟು ಜೋರಿತ್ತು ಅನ್ನೋದು ಒಂದು ಪ್ರಶ್ನೆ. ಅದು ಎಷ್ಟು ಹಾಳು ಮಾಡಿತು ಅನ್ನೋದು ಬೇರೆಯೇ ಪ್ರಶ್ನೆ. ಮೊದಲನೆಯದು ತೀವ್ರತೆ, ಎರಡನೆಯದು ಪರಿಣಾಮ. ಎರಡನ್ನೂ ಕಲಸಿಬಿಟ್ಟರೆ ಯಾವುದಕ್ಕೂ ಸರಿಯಾದ ಉತ್ತರ ಸಿಗಲ್ಲ.

ಈ ಎರಡನ್ನೂ ಬೇರೆ ಬೇರೆಯಾಗಿ ನೋಡೋದನ್ನು ಕಲಿಯಲು ಅಮೆರಿಕದ ಸುಂಟರಗಾಳಿ (ಟೊರ್ನಾಡೊ) ದಾಖಲೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 1950ರಿಂದ ಈಚಿನ ಒಂದೊಂದು ಸುಂಟರಗಾಳಿಗೂ ಅದರಲ್ಲಿ ಒಂದೊಂದು ಸಾಲು ಇದೆ. ಒಟ್ಟು ಸಾಲು 60 ಸಾವಿರಕ್ಕೂ ಜಾಸ್ತಿ. ಅಲ್ಲಿನ ಹವಾಮಾನ ಇಲಾಖೆಯ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ಇದನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ಆ ಫೈಲ್ ಮೇಲೆ ಕೈ ಪಳಗಿಸಿಕೊಂಡು, ಆಮೇಲೆ ಅದೇ ವಿದ್ಯೆಯನ್ನು ನಮ್ಮ ತಾಲ್ಲೂಕಿನ ಗಾಳಿಮಳೆ ಲೆಕ್ಕಕ್ಕೆ ತರೋಣ. ನಮ್ಮಲ್ಲಿ ನಿಜವಾದ ಸುಂಟರಗಾಳಿ ಅಪರೂಪ. ಬೀಸೋದು ಹೆಚ್ಚಾಗಿ ಗುಡುಗು ಮಳೆಯ ಮುಂದೆ ನುಗ್ಗಿ ಬರುವ ರಭಸದ ಗಾಳಿ. ಆದರೂ ಲೆಕ್ಕ ಹಾಕುವ ದಾರಿ ಒಂದೇ.

ಏನೇನು ಬೇಕು

ಎಕ್ಸೆಲ್ ಇದ್ದರೆ ಸಾಕು. ಇಲ್ಲದಿದ್ದರೆ ಗೂಗಲ್ ಶೀಟ್ಸ್ ಅಥವಾ ಲಿಬ್ರೆಆಫೀಸ್ ಕ್ಯಾಲ್ಕ್, ಎರಡೂ ಪುಕ್ಕಟೆ. ಮೊಬೈಲ್‌ನಲ್ಲಿ ಇಷ್ಟು ದೊಡ್ಡ ಫೈಲ್ ತೆರೆಯಬೇಡಿ, ತೆವಳುತ್ತದೆ. ಕಾಲೇಜಿನ ಲ್ಯಾಬ್‌ನ ಹಳೆಯ ಕಂಪ್ಯೂಟರ್ ಆದರೂ ನಡೆಯುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಹೆಸರುಗಳು ಬೇರೆ ಕಂಪ್ಯೂಟರ್‌ಗೆ ಹೋದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ, ಚಾರ್ಟ್‌ನಲ್ಲೂ ಹಾಗೇ ಮೂಡುತ್ತವೆ. ಕಚೇರಿಯಿಂದ ನುಡಿಯಲ್ಲಿ ಬಂದ ಪಟ್ಟಿ ಇದ್ದರೆ ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಮೊದಲ ಹೆಜ್ಜೆ: ಫೈಲ್ ತೆರೆದು ಕಾಲಂ ಓದೋದು

ಆ ಕೇಂದ್ರ ಎರಡು ಬಗೆಯ ಸಿಎಸ್‌ವಿ ಫೈಲ್ (ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯುವ ಸಾದಾ ಪಟ್ಟಿ) ಕೊಡುತ್ತದೆ. ಒಂದರಲ್ಲಿ ಒಂದು ಸುಂಟರಗಾಳಿಗೆ ಒಂದೇ ಸಾಲು. ಇನ್ನೊಂದರಲ್ಲಿ ಗಾಳಿ ಎರಡು ರಾಜ್ಯ ದಾಟಿದ್ದರೆ ಪ್ರತಿ ರಾಜ್ಯದ ತುಂಡಿಗೂ ಬೇರೆ ಸಾಲು ಇರುತ್ತದೆ. ನಮಗೆ ಮೊದಲನೆಯದು ಬೇಕು. ಎರಡನೆಯದನ್ನು ಹಿಡಿದು ಎಣಿಸಿದರೆ ಒಂದೇ ಗಾಳಿ ಎರಡು ಮೂರು ಸಲ ಲೆಕ್ಕಕ್ಕೆ ಬರುತ್ತದೆ.

ಫೈಲ್ ತೆರೆದ ಕೂಡಲೇ ಚಾರ್ಟ್ ಹಾಕಲು ಕೈ ಹೋಗುತ್ತದೆ. ಸ್ವಲ್ಪ ತಡೆಯಿರಿ. ಮೊದಲ ಸಾಲಿನಲ್ಲಿ ಇಂಗ್ಲಿಷ್‌ನ ತುಂಡು ಹೆಸರುಗಳಿವೆ. ನಮಗೆ ಬೇಕಾದ ಕಾಲಂಗಳಿಗೆ ಕನ್ನಡದಲ್ಲೇ ಹೆಸರು ಕೊಡಿ: ವರ್ಷ, ತಿಂಗಳು, ಸಮಯ, ರಾಜ್ಯ, ತೀವ್ರತೆ, ಗಾಯ, ಸಾವು, ನಷ್ಟ, ಉದ್ದ, ಅಗಲ. ಮೂಲ ಶೀಟನ್ನು ಮುಟ್ಟಬೇಡಿ. ಅದರ ನಕಲು ಮಾಡಿ, ನಕಲಿನಲ್ಲಿ ಕೆಲಸ ಮಾಡಿ. ಮುಂದೆ ಯಾವತ್ತಾದರೂ ಒಂದು ಅಂಕಿ ಅನುಮಾನ ಬಂದರೆ ಮೂಲವೇ ಸಾಕ್ಷಿ.

ಈಗ ಒಂದೊಂದು ಕಾಲಂ ಏನು ಹೇಳುತ್ತದೆ ನೋಡಿ.

ಉದ್ದ ಮೈಲಿಯಲ್ಲಿದೆ, ಅಗಲ ಗಜದಲ್ಲಿದೆ. ಪಕ್ಕದಲ್ಲಿ ಎರಡು ಹೊಸ ಕಾಲಂ ಮಾಡಿ. ಉದ್ದವನ್ನು 1.609ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ಅಗಲವನ್ನು 0.914ರಿಂದ ಗುಣಿಸಿದರೆ ಮೀಟರ್.

ತೀವ್ರತೆ ಕಾಲಂನಲ್ಲಿ 0ಯಿಂದ 5ರವರೆಗೆ ಅಂಕಿ ಇದೆ. ಅಲ್ಲಲ್ಲಿ ಮೈನಸ್ 9 ಕೂಡ ಇದೆ. ಅದು ತೀವ್ರತೆ ಗೊತ್ತಿಲ್ಲ ಅನ್ನೋದರ ಗುರುತು, ಅಳತೆಯಲ್ಲ. ಸರಾಸರಿ ತೆಗೆಯುವಾಗ ಅದು ಒಳಗೆ ಉಳಿದುಬಿಟ್ಟರೆ ಲೆಕ್ಕವೆಲ್ಲ ಕೆಡುತ್ತದೆ. ಫಿಲ್ಟರ್ ಹಾಕಿ ಆ ಸಾಲುಗಳನ್ನು ಹುಡುಕಿ, ಬೇರೆ ಶೀಟ್‌ಗೆ ಸರಿಸಿ ಹೊರಗಿಡಿ. ಎಷ್ಟು ಸಾಲು ಹೊರಗಿಟ್ಟಿರಿ ಅಂತ ಒಂದು ಕಡೆ ಬರೆದಿಡಿ.

ನಷ್ಟದ ಕಾಲಂ ಎಲ್ಲಕ್ಕಿಂತ ಅಪಾಯದ್ದು. 1996ಕ್ಕೆ ಮುಂಚೆ ಅದರಲ್ಲಿರುವುದು ದುಡ್ಡಲ್ಲ, 0ಯಿಂದ 9ರವರೆಗಿನ ಸಂಕೇತ. 5 ಅಂದರೆ 50 ಸಾವಿರದಿಂದ 5 ಲಕ್ಷ ಡಾಲರ್. 6 ಅಂದರೆ 5 ಲಕ್ಷದಿಂದ 50 ಲಕ್ಷ. 1996ರಿಂದ 2015ರವರೆಗೆ ಅದೇ ಕಾಲಂನಲ್ಲಿ ಅಂಕಿ ಇರುವುದು ಮಿಲಿಯನ್ ಡಾಲರ್ ಲೆಕ್ಕದಲ್ಲಿ. 2016ರಿಂದ ಪೂರ್ತಿ ಡಾಲರ್‌ನಲ್ಲಿ. ಇದನ್ನು ನೋಡದೆ ಗೆರೆ ಎಳೆದರೆ 2016ರಲ್ಲಿ ಚಾರ್ಟ್ ಆಕಾಶಕ್ಕೆ ಹಾರುತ್ತದೆ. ಗಾಳಿ ಬದಲಾಗಿರುವುದಿಲ್ಲ, ಬರೆಯುವ ಪದ್ಧತಿ ಬದಲಾಗಿರುತ್ತದೆ. ಅದಕ್ಕೇ ಹೊಸ ಕಾಲಂನಲ್ಲಿ ಐಎಫ್ ಸೂತ್ರ ಬಳಸಿ: ವರ್ಷ 2016 ಅಥವಾ ಆಮೇಲಿನದಾದರೆ ಇದ್ದ ಅಂಕಿಯನ್ನೇ ಇಡು, 1996ರಿಂದ 2015ರ ಒಳಗಿದ್ದರೆ 10 ಲಕ್ಷದಿಂದ ಗುಣಿಸು, ಅದಕ್ಕೂ ಹಿಂದಿನದಾದರೆ ಖಾಲಿ ಬಿಡು. ಹಳೆಯ ಸಂಕೇತಗಳಿಗೆ ನಡುವಿನ ಒಂದು ಅಂಕಿ ಊಹಿಸಿ ತುಂಬುವವರೂ ಇದ್ದಾರೆ. ನಾನು ಅದನ್ನು ಒಪ್ಪಲ್ಲ. 50 ಸಾವಿರಕ್ಕೂ 5 ಲಕ್ಷಕ್ಕೂ ಹತ್ತು ಪಟ್ಟು ಅಂತರ ಇರುವಾಗ ನಡುವಿನ ಅಂಕಿ ಯಾರ ನಷ್ಟವನ್ನೂ ಹೇಳಲ್ಲ.

ತೀವ್ರತೆ ಅಂದರೆ ಇಲ್ಲಿ ನಿಜವಾಗಿ ಏನು

ಚಾರ್ಟ್ ಹಾಕುವ ಮುಂಚೆ ಇದನ್ನು ನಿಧಾನವಾಗಿ ಓದಿ. ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ.

ಸುಂಟರಗಾಳಿಗೆ ಅಂಕ ಕೊಡುವ ಪದ್ಧತಿಯನ್ನು ಟೆಟ್ಸುಯಾ ಫುಜಿಟಾ ಅನ್ನುವ ವಿಜ್ಞಾನಿ 1971ರಲ್ಲಿ ಮುಂದಿಟ್ಟರು. ಅದನ್ನು ತಿದ್ದಿದ ರೂಪವೇ ಎನ್‌ಹಾನ್ಸ್ಡ್ ಫುಜಿಟಾ ಅಳತೆ, ಚಿಕ್ಕದಾಗಿ ಇಎಫ್. ಅಮೆರಿಕದಲ್ಲಿ 2007ರ ಫೆಬ್ರವರಿಯಿಂದ ಇದು ಜಾರಿಯಲ್ಲಿದೆ. ಇಎಫ್0 ಅಂದರೆ ಗಂಟೆಗೆ ಸುಮಾರು 105ರಿಂದ 137 ಕಿಲೋಮೀಟರ್ ವೇಗ. ಇಎಫ್1 ಅಂದರೆ 138ರಿಂದ 177. ಇಎಫ್2 ಅಂದರೆ 178ರಿಂದ 217. ಇಎಫ್3 ಅಂದರೆ 218ರಿಂದ 266. ಇಎಫ್4 ಅಂದರೆ 267ರಿಂದ 322. ಅದಕ್ಕೂ ಮೇಲಿನದು ಇಎಫ್5.

ಅಂಕ ಕೊಡಲು ಈ ವೇಗವನ್ನು ಯಾರೂ ಯಂತ್ರ ಹಿಡಿದು ಅಳೆಯುವುದಿಲ್ಲ. ಗಾಳಿ ಹೋದ ಮೇಲೆ ತಂಡ ಬಂದು ಏನೇನು ಮುರಿದಿದೆ ಅಂತ ನೋಡುತ್ತದೆ. ಮನೆ, ಶಾಲೆ, ಶೆಡ್, ಕಂಬ, ಮರ ಹೀಗೆ 28 ಬಗೆಯ ಗುರುತುಗಳಿವೆ. ಯಾವುದು ಎಷ್ಟರಮಟ್ಟಿಗೆ ಹಾಳಾಗಿದೆ ಅನ್ನೋದರಿಂದ ಗಾಳಿಯ ವೇಗವನ್ನು ಅಂದಾಜು ಮಾಡುತ್ತಾರೆ. ಅಂದರೆ ತೀವ್ರತೆಯ ಅಂಕಿಯೊಳಗೇ ಪರಿಣಾಮ ಅಡಗಿ ಕೂತಿದೆ.

2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೋ ಹತ್ತಿರ ಎದ್ದ ಸುಂಟರಗಾಳಿ ನೋಡಿ. ಅದರ ಅಗಲವೇ 4.2 ಕಿಲೋಮೀಟರ್. ವಾಹನದ ಮೇಲಿನ ರಾಡಾರ್‌ಗಳು ಗಂಟೆಗೆ 470 ಕಿಲೋಮೀಟರ್ ದಾಟಿದ ವೇಗ ಕಂಡವು. ಆದರೆ ಫೈಲ್‌ನಲ್ಲಿ ಅದರ ತೀವ್ರತೆ 3. ಯಾಕೆಂದರೆ ಅದು ಹೆಚ್ಚಾಗಿ ಬಯಲು, ಹೊಲದ ಮೇಲೆ ಹೋಯಿತು. ಮುರಿಯಲು ದೊಡ್ಡ ಕಟ್ಟಡ ಸಿಗಲಿಲ್ಲ, ಹಾಗಾಗಿ ದೊಡ್ಡ ಅಂಕವೂ ಬರಲಿಲ್ಲ. ತೀವ್ರತೆ ಜಾಸ್ತಿಯಾದಷ್ಟೂ ನಷ್ಟ ಜಾಸ್ತಿ ಅಂತ ಚಾರ್ಟ್ ತೋರಿಸಿದಾಗ ಈ ಒಂದು ಸಾಲನ್ನು ನೆನಪಿಸಿಕೊಳ್ಳಿ.

ಇನ್ನೊಂದು ವಿಷಯ. 1950ರಿಂದ 1970ರ ದಶಕದ ಮಧ್ಯದವರೆಗಿನ ಅಂಕಗಳನ್ನು ಹಳೆಯ ಪತ್ರಿಕೆಗಳ ವರದಿ ಓದಿ ಆಮೇಲೆ ಕೊಟ್ಟದ್ದು. ಸ್ಥಳಕ್ಕೆ ಹೋಗಿ ನೋಡಿದ ಅಂಕಕ್ಕೂ ಇದಕ್ಕೂ ಒಂದೇ ತೂಕ ಇಲ್ಲ.

ಎರಡನೇ ಹೆಜ್ಜೆ: ಪಿವೋಟ್ ಟೇಬಲ್, ಪಕ್ಕಪಕ್ಕದ ಕಂಬಗಳು

ಇನ್ಸರ್ಟ್ ಮೆನುವಿನಲ್ಲಿ ಪಿವೋಟ್ ಟೇಬಲ್ ಆರಿಸಿ. ಸಾವಿರಾರು ಸಾಲುಗಳನ್ನು ಗುಂಪು ಮಾಡಿ ಎಣಿಸಿ, ಕೂಡಿಸಿ ಕೊಡುವ ಪಟ್ಟಿ ಅದು. ಸಾಲುಗಳ ಜಾಗಕ್ಕೆ ತೀವ್ರತೆ ಎಳೆದು ಹಾಕಿ. ಮೌಲ್ಯದ ಜಾಗಕ್ಕೆ ಮತ್ತೆ ತೀವ್ರತೆಯನ್ನೇ ಹಾಕಿ, ಆದರೆ ಅದನ್ನು ಸಮ್ ಬದಲು ಕೌಂಟ್ ಮಾಡಿ. ಸ್ಪ್ರೆಡ್‌ಶೀಟ್ ತಾನಾಗಿಯೇ ಸಮ್ ಹಾಕಿರುತ್ತದೆ, ಅಂಕಗಳನ್ನು ಕೂಡಿಸಿದರೆ ಏನೂ ಅರ್ಥ ಬರಲ್ಲ ಅಲ್ವಾ? ಸಾವು ಮತ್ತು ಗಾಯ ಎರಡಕ್ಕೆ ಮಾತ್ರ ಸಮ್ ಇರಲಿ.

ಈಗ ಆರು ಸಾಲಿನ ಪುಟ್ಟ ಪಟ್ಟಿ ಸಿಕ್ಕಿತು. ಇದರ ಮೇಲೆ ನೇರವಾಗಿ ಕಂಬದ ಚಾರ್ಟ್ ಹಾಕಿದರೆ ಇಎಫ್0, ಇಎಫ್1ರ ಎಣಿಕೆ ಬೆಟ್ಟದಷ್ಟು ಎತ್ತರ ಕಾಣುತ್ತದೆ, ಸಾವಿನ ಕಂಬ ನೆಲಕ್ಕೆ ಅಂಟಿಕೊಂಡಿರುತ್ತದೆ. ಹಾಗಾಗಿ ಎಲ್ಲವನ್ನೂ ಶೇಕಡಾಕ್ಕೆ ತನ್ನಿ. ಪಿವೋಟ್‌ನಲ್ಲಿ ಮೌಲ್ಯದ ಮೇಲೆ ರೈಟ್ ಕ್ಲಿಕ್ ಮಾಡಿ, ಶೋ ವ್ಯಾಲ್ಯೂಸ್ ಆ್ಯಸ್ ಅನ್ನೋದರಲ್ಲಿ ಕಾಲಂನ ಒಟ್ಟಿನ ಶೇಕಡಾ ಆರಿಸಿ. ಈಗ ಪಕ್ಕಪಕ್ಕದ ಕಂಬದ ಚಾರ್ಟ್ ಹಾಕಿ. ಒಂದು ಬಣ್ಣ ಎಣಿಕೆಯ ಪಾಲಿಗೆ, ಇನ್ನೊಂದು ಸಾವಿನ ಪಾಲಿಗೆ.

ಚಾರ್ಟ್ ಎರಡು ಕಡೆಗೆ ವಾಲುತ್ತದೆ. ಎಣಿಕೆ ಎಡಕ್ಕೆ, ಸಾವು ಬಲಕ್ಕೆ. ಇಎಫ್4 ಮತ್ತು ಇಎಫ್5 ಸೇರಿದರೂ ಎಣಿಕೆಯಲ್ಲಿ ನೂರಕ್ಕೆ ಒಂದರ ಆಸುಪಾಸು. ಸಾವಿನಲ್ಲಿ ಅವುಗಳ ಪಾಲು ಅರ್ಧಕ್ಕಿಂತ ಜಾಸ್ತಿ. ಇಡೀ ಫೈಲ್‌ನಲ್ಲಿ ಒಂದೇ ಚಾರ್ಟ್ ಹಾಕಲು ಬಿಟ್ಟರೆ ನಾನು ಇದನ್ನೇ ಹಾಕುತ್ತೇನೆ.

ಪೈ ಚಾರ್ಟ್ ಬೇಡ. ಆರು ತುಂಡಿನಲ್ಲಿ ಕೆಲವು ಕಣ್ಣಿಗೇ ಕಾಣಲ್ಲ. ಮೂರು ಆಯಾಮದ ಕಂಬಗಳಂತೂ ಬೇಡವೇ ಬೇಡ, ಹಿಂದಿನ ಕಂಬ ಮುಂದಿನದರ ಮರೆಗೆ ಹೋಗುತ್ತದೆ.

ಮೂರನೇ ಹೆಜ್ಜೆ: ವರ್ಷದ ಗೆರೆ

ಹೊಸ ಪಿವೋಟ್ ಮಾಡಿ, ಸಾಲಿನಲ್ಲಿ ವರ್ಷ ಹಾಕಿ, ಮೌಲ್ಯದಲ್ಲಿ ಎಣಿಕೆ. ಲೈನ್ ಚಾರ್ಟ್ ಹಾಕಿದರೆ ಗೆರೆ ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ಸುಂಟರಗಾಳಿ ಹೆಚ್ಚುತ್ತಿದೆ ಅಂತ ಬರೆದುಬಿಡಲು ಮನಸ್ಸಾಗುತ್ತದೆ. ಅದೇ ಚಾರ್ಟ್‌ನಲ್ಲಿ ಇನ್ನೊಂದು ಗೆರೆ ಎಳೆಯಿರಿ: ಇಎಫ್0 ಬಿಟ್ಟು, ಇಎಫ್1 ಮತ್ತು ಮೇಲಿನವು ಮಾತ್ರ. ಕೌಂಟ್‌ಇಫ್ಸ್ ಸೂತ್ರದಲ್ಲಿ ವರ್ಷ ಇದು, ತೀವ್ರತೆ 1 ಅಥವಾ ಜಾಸ್ತಿ ಅಂತ ಎರಡು ಷರತ್ತು ಕೊಟ್ಟರೆ ಆಯಿತು. ಈ ಗೆರೆ ಹಾಗೆ ಏರುವುದಿಲ್ಲ, ಮೇಲೆ ಕೆಳಗೆ ಆಡುತ್ತಾ ಹೆಚ್ಚುಕಡಿಮೆ ಮಟ್ಟಸವಾಗಿ ಹೋಗುತ್ತದೆ.

ಕಾರಣ ಇಷ್ಟೇ. 1990ರ ದಶಕದಲ್ಲಿ ಅಮೆರಿಕದ ತುಂಬ ಡಾಪ್ಲರ್ ರಾಡಾರ್ ಬಂದವು. ಆಮೇಲೆ ಎಲ್ಲರ ಕೈಗೂ ಕ್ಯಾಮೆರಾ ಬಂತು. ಮೊದಲು ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದ ಸಣ್ಣ ಗಾಳಿಗಳು ಈಗ ದಾಖಲಾಗುತ್ತಿವೆ. ಹೆಚ್ಚಿದ್ದು ಬಹುಪಾಲು ದಾಖಲೆ.

ಸಾವಿನ ಗೆರೆಯನ್ನು ಬೇರೆ ಚಾರ್ಟ್‌ನಲ್ಲಿ ಹಾಕಿ. ಒಂದೇ ಚಾರ್ಟ್‌ಗೆ ಎಡಬಲ ಎರಡು ಅಳತೆ ಕೊಟ್ಟರೆ ನೋಡುವವರಿಗೆ ಯಾವ ಗೆರೆ ಯಾವ ಅಳತೆಯದು ಅಂತ ತಿಳಿಯದು. ಈ ಚಾರ್ಟ್‌ನಲ್ಲಿ 2011 ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ. ಆ ವರ್ಷ 553 ಜನ ಸತ್ತರು, 1950ರಿಂದ ಈಚೆಗೆ ಅಷ್ಟು ಸಾವು ಯಾವ ವರ್ಷವೂ ಆಗಿಲ್ಲ. ಅದರಲ್ಲಿ 158 ಸಾವು ಮಿಸೌರಿಯ ಜೋಪ್ಲಿನ್ ಊರಿನ ಒಂದೇ ಸುಂಟರಗಾಳಿಯದು, ಮೇ 22ರದು. ಅಂಥ ಕಡೆ ಡೇಟಾ ಲೇಬಲ್ ಹಾಕಿ ಹೆಸರು ಬರೆಯಿರಿ. ಹೆಸರಿಲ್ಲದ ಮುಳ್ಳು ನೋಡಿದವರು ಆ ವರ್ಷವೆಲ್ಲ ಗಾಳಿ ಬೀಸಿತು ಅಂದುಕೊಳ್ಳುತ್ತಾರೆ. ನಿಜದಲ್ಲಿ ಏಪ್ರಿಲ್ ಕೊನೆಯ ಕೆಲವು ದಿನ ಮತ್ತು ಆ ಮೇ ತಿಂಗಳ ಒಂದು ಸಂಜೆಯೇ ಹೆಚ್ಚಿನದನ್ನು ಮಾಡಿದ್ದು.

ಇದೇ ಕಾರಣಕ್ಕೆ ಸರಾಸರಿಯನ್ನು ನಂಬಿ ಕೂರಬೇಡಿ. ಒಂದು ಸುಂಟರಗಾಳಿಗೆ ಎಷ್ಟು ಸಾವು ಅಂತ ಮೀಡಿಯನ್ (ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ತೆಗೆದರೆ ಸೊನ್ನೆ ಬರುತ್ತದೆ. ಬಹುತೇಕ ಗಾಳಿಗಳು ಯಾರನ್ನೂ ಕೊಲ್ಲುವುದಿಲ್ಲ. ಕೆಲವೇ ಕೆಲವು ಊರಿಗೆ ಊರನ್ನೇ ಕೆಡವುತ್ತವೆ.

ನಾಲ್ಕನೇ ಹೆಜ್ಜೆ: ಚುಕ್ಕಿ ಚಾರ್ಟ್

ಉದ್ದಕ್ಕೂ ಸಾವಿಗೂ ಎಷ್ಟು ಸಂಬಂಧ? ಇದಕ್ಕೆ ಸ್ಕ್ಯಾಟರ್ ಚಾರ್ಟ್. ಅಡ್ಡ ಗೆರೆಗೆ ಕಿಲೋಮೀಟರ್ ಉದ್ದ, ನೆಟ್ಟಗಿನ ಗೆರೆಗೆ ಸಾವು. ಹಾಗೇ ಹಾಕಿದರೆ ಎಲ್ಲ ಚುಕ್ಕಿಗಳೂ ಮೂಲೆಯಲ್ಲಿ ಗುಂಪು ಕಟ್ಟುತ್ತವೆ. ಎರಡೂ ಅಕ್ಷಗಳನ್ನು ಲಾಗ್ ಅಳತೆಗೆ ಬದಲಿಸಿ. ಎಕ್ಸೆಲ್‌ನಲ್ಲಿ ಅಕ್ಷದ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್ ಆ್ಯಕ್ಸಿಸ್, ಅಲ್ಲಿ ಲಾಗರಿದಮಿಕ್ ಸ್ಕೇಲ್. ಗೂಗಲ್ ಶೀಟ್ಸ್‌ನಲ್ಲಿ ಕಸ್ಟಮೈಸ್ ಒಳಗೆ ಅಕ್ಷದ ಆಯ್ಕೆಯಲ್ಲೇ ಲಾಗ್ ಸ್ಕೇಲ್ ಇದೆ. ಈಗ 1ರಿಂದ 10, 10ರಿಂದ 100 ಒಂದೇ ಅಂತರದಲ್ಲಿ ಕೂರುತ್ತವೆ.

ಲಾಗ್ ಅಳತೆಯಲ್ಲಿ ಸೊನ್ನೆಗೆ ಜಾಗವಿಲ್ಲ. ಸಾವಿಲ್ಲದ ಸಾಲುಗಳು ಚಾರ್ಟ್‌ನಿಂದ ಬಿದ್ದುಹೋಗುತ್ತವೆ. ಹಾಗಾಗಿ ಕನಿಷ್ಠ ಒಂದು ಸಾವಾದ ಸುಂಟರಗಾಳಿಗಳು ಮಾತ್ರ ಅಂತ ತಲೆಬರಹದಲ್ಲೇ ಬರೆಯಿರಿ.

ಈ ಚಾರ್ಟ್‌ನಲ್ಲಿ ಮೂರು ಚುಕ್ಕಿ ಹುಡುಕಿ. ಒಂದು, ಅಲಬಾಮಾದ ಹ್ಯಾಕಲ್‌ಬರ್ಗ್–ಫಿಲ್ ಕ್ಯಾಂಪ್‌ಬೆಲ್, 2011ರ ಏಪ್ರಿಲ್ 27. ಇಎಫ್5, ಸುಮಾರು 212 ಕಿಲೋಮೀಟರ್ ಓಡಿತು, 72 ಸಾವು. ಎರಡು, ಜೋಪ್ಲಿನ್. ಅದೂ ಇಎಫ್5, ಓಡಿದ್ದು ಸುಮಾರು 35 ಕಿಲೋಮೀಟರ್, ಸಾವು 158. ಮೂರು, ಎಲ್ ರೀನೋ. ಸುಮಾರು 26 ಕಿಲೋಮೀಟರ್, ಜೋಪ್ಲಿನ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಅಗಲ, ಸಾವು 8. ಅಷ್ಟು ಉದ್ದ ಓಡಿದ್ದು ಜೋಪ್ಲಿನ್‌ನಷ್ಟು ಜನರನ್ನು ಕೊಲ್ಲಲಿಲ್ಲ, ಅಷ್ಟು ಅಗಲ ಬೀಸಿದ್ದೂ ಅಷ್ಟು ಕೊಲ್ಲಲಿಲ್ಲ. ಊರ ನಡುವೆ ನುಗ್ಗಿದ್ದು ಕೊಂದಿತು. ದಾರಿಯಲ್ಲಿ ಎಷ್ಟು ಮನೆ ಇದ್ದವು, ಅವು ಎಂಥ ಮನೆಗಳು ಅನ್ನೋ ಕಾಲಂ ಈ ಫೈಲ್‌ನಲ್ಲಿ ಇಲ್ಲ. ಚುಕ್ಕಿಗಳು ಚದುರಿ ಹೋಗಿರುವುದಕ್ಕೆ ಅದೇ ಕಾರಣ. ಟ್ರೆಂಡ್‌ಲೈನ್, ಅಂದರೆ ಚುಕ್ಕಿಗಳ ಒಟ್ಟು ಒಲವು ತೋರಿಸುವ ಗೆರೆ, ಎಳೆಯುವ ಬಟನ್ ಅಲ್ಲೇ ಇದೆ. ಎಳೆದರೂ ಈ ಚದುರಿದ್ದನ್ನು ಮರೆಮಾಚಬೇಡಿ.

ತಿಂಗಳು ಮತ್ತು ಗಂಟೆ

ಇದು ಸುಲಭದ್ದು. ಮೊದಲು ಸಮಯದ ಕಾಲಂನಿಂದ ಗಂಟೆಯನ್ನಷ್ಟೇ ಒಂದು ಹೊಸ ಕಾಲಂಗೆ ತನ್ನಿ. ಪಿವೋಟ್‌ನಲ್ಲಿ ಸಾಲಿಗೆ ತಿಂಗಳು, ಕಾಲಂಗೆ ಗಂಟೆ, ಮೌಲ್ಯಕ್ಕೆ ಎಣಿಕೆ. ಆಮೇಲೆ ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಕಲರ್ ಸ್ಕೇಲ್. ಮೇ ತಿಂಗಳ ಸಂಜೆಯ ಖಾನೆಗಳು ಗಾಢವಾಗಿ ಹೊಳೆಯುತ್ತವೆ. ನಮ್ಮ ಮುಂಗಾರಿಗೆ ಮುಂಚಿನ ಗಾಳಿಮಳೆಯೂ ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆಯೇ ಬರುತ್ತದೆ. ದಿನವಿಡೀ ಕಾದ ನೆಲ, ಮೇಲೇಳುವ ತೇವದ ಗಾಳಿ, ಎರಡು ಕಡೆಯೂ ಕಾರಣ ಅದೇ.

ನಮ್ಮ ತಾಲ್ಲೂಕಿನ ಶೀಟ್

ಈಗ ಹೊಸ ಶೀಟ್ ತೆರೆಯಿರಿ. ಒಂದು ಊರಿಗೆ ಒಂದು ದಿನ ಬಿದ್ದ ಹೊಡೆತಕ್ಕೆ ಒಂದು ಸಾಲು. ಕಾಲಂಗಳನ್ನು ಮೂರು ಗುಂಪು ಮಾಡಿ, ಮೂರಕ್ಕೂ ಬೇರೆ ಬಣ್ಣ ಕೊಡಿ.

ಮೊದಲ ಗುಂಪು ಎಲ್ಲಿ, ಯಾವಾಗ: ದಿನಾಂಕ, ಗಂಟೆ, ತಾಲ್ಲೂಕು, ಹೋಬಳಿ, ಊರು. ಕಾರಟಗಿ, ಕನಕಗಿರಿ, ಕುಕನೂರು ಮೊದಲು ಬೇರೆ ತಾಲ್ಲೂಕುಗಳಲ್ಲಿದ್ದವು. ಹಳೆಯ ಪಟ್ಟಿಯನ್ನು ಹೊಸದರ ಜೊತೆ ಸೇರಿಸುವಾಗ ಈಗಿನ ತಾಲ್ಲೂಕಿನ ಹೆಸರಿಗೇ ಎಲ್ಲವನ್ನೂ ತನ್ನಿ. ಹೆಸರನ್ನು ಎಲ್ಲ ಸಾಲಿನಲ್ಲೂ ಒಂದೇ ಥರ ಬರೆಯಿರಿ. ಒಂದು ಕಡೆ ಯಲಬುರ್ಗಾ, ಇನ್ನೊಂದು ಕಡೆ ಯಲಬುರ್ಗ ಅಂತ ಇದ್ದರೆ ಪಿವೋಟ್ ಅವನ್ನು ಎರಡು ತಾಲ್ಲೂಕು ಅಂತಲೇ ಎಣಿಸುತ್ತದೆ.

ಎರಡನೇ ಗುಂಪು ತೀವ್ರತೆ: ಗಾಳಿಯ ಗರಿಷ್ಠ ವೇಗ, ಮಳೆ ಎಷ್ಟು ಮಿಲಿಮೀಟರ್, ಆಲಿಕಲ್ಲು ಬಿದ್ದಿತೇ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ. ಗಾಳಿಯ ಅಂಕಿಗೆ ಅದೇ ಆಧಾರ. ಆದರೆ ರಭಸದ ಗಾಳಿ ಕಿರಿದಾದ ಪಟ್ಟಿಯಲ್ಲಿ ನುಗ್ಗಿ ಹೋಗಬಹುದು. ಹೋಬಳಿ ಕೇಂದ್ರದಲ್ಲಿ ಏನೂ ಕಾಣದ ದಿನವೇ ಪಕ್ಕದ ಊರಲ್ಲಿ ಮರ ಉರುಳಿರಬಹುದು. ಹಾಗಾಗಿ ಅಳತೆಯ ಕೇಂದ್ರದಿಂದ ಊರಿಗೆ ಎಷ್ಟು ಕಿಲೋಮೀಟರ್ ಅಂತ ಇನ್ನೊಂದು ಕಾಲಂ ಇರಲಿ. ಚುಕ್ಕಿ ಚಾರ್ಟ್ ಹಾಕುವಾಗ ಹತ್ತಿರದ ಊರುಗಳಿಗೆ ಗಾಢ ಬಣ್ಣ, ದೂರದವಕ್ಕೆ ತೆಳು ಬಣ್ಣ ಕೊಟ್ಟರೆ ಯಾವ ಚುಕ್ಕಿಯನ್ನು ಎಷ್ಟು ನಂಬಬೇಕು ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಅಂದಹಾಗೆ, ನಮ್ಮ ಹವಾಮಾನ ಇಲಾಖೆಯ ಪ್ರಕಾರ ಗಾಳಿಯ ವೇಗ ಒಮ್ಮೆಲೇ ಕನಿಷ್ಠ 29 ಕಿಲೋಮೀಟರ್ ಏರಿ, ಗಂಟೆಗೆ 40 ದಾಟಿ, ಒಂದು ನಿಮಿಷವಾದರೂ ನಿಲ್ಲಬೇಕು. ಆಗ ಮಾತ್ರ ಅದನ್ನು ಸ್ಕ್ವಾಲ್ ಅನ್ನುತ್ತಾರೆ. ಇಎಫ್0 ಶುರುವಾಗುವುದೇ 105ಕ್ಕೆ. ನಮ್ಮ ಗಾಳಿಗೆ ಇಎಫ್ ಅಂಕ ಹಚ್ಚಲು ಹೋಗಬೇಡಿ, ವೇಗವನ್ನೇ ಬರೆಯಿರಿ.

ಮೂರನೇ ಗುಂಪು ಪರಿಣಾಮ: ಸಾವು, ಗಾಯ, ಸತ್ತ ದನಕರು, ಹಾರಿದ ತಗಡು, ಬಿದ್ದ ಮನೆ, ಮುರಿದ ಕಂಬ, ನೆಲ ಕಚ್ಚಿದ ನೆಲ್ಲು ಎಷ್ಟು ಎಕರೆ, ಉರುಳಿದ ಬಾಳೆ ಎಷ್ಟು ಎಕರೆ. ಸಿಡಿಲಿನಿಂದ ಆದ ಸಾವನ್ನು ಬೇರೆ ಕಾಲಂನಲ್ಲಿಡಿ. ಅದು ಅದೇ ಮಳೆಯಲ್ಲಿ ಆದರೂ ಗಾಳಿಯ ಲೆಕ್ಕಕ್ಕೆ ಸೇರಲ್ಲ.

ಇಲ್ಲಿ ಒಂದು ಕಾಲಂ ಬಹಳ ಮುಖ್ಯ: ಆ ದಿನ ಆ ಊರಲ್ಲಿ ಒಟ್ಟು ಎಷ್ಟು ಎಕರೆ ನೆಲ್ಲು ನಿಂತಿತ್ತು. 300 ಎಕರೆಯಲ್ಲಿ 60 ಎಕರೆ ಬಿದ್ದರೆ ನೂರಕ್ಕೆ 20. 80 ಎಕರೆಯಲ್ಲಿ 40 ಎಕರೆ ಬಿದ್ದರೆ ನೂರಕ್ಕೆ 50. ಬರೀ ಎಕರೆ ನೋಡಿದರೆ ಮೊದಲ ಊರಿನದೇ ದೊಡ್ಡ ನಷ್ಟ. ಪಾಲು ನೋಡಿದರೆ ಎರಡನೇ ಊರಿನ ಅರ್ಧ ಬೆಳೆ ಹೋಗಿದೆ. ತುಂಗಭದ್ರಾ ಕಾಲುವೆ ಕೆಳಗಿನ ಊರುಗಳಿಗೆ ನೀರು ಸಿಕ್ಕ ವರ್ಷ ಎರಡನೇ ಬೆಳೆ ಏಪ್ರಿಲ್, ಮೇ ತಿಂಗಳಲ್ಲಿ ತೆನೆ ತುಂಬಿ ನಿಂತಿರುತ್ತದೆ. ನೀರು ಸಿಗದ ವರ್ಷ ಗದ್ದೆ ಖಾಲಿ. ಅಷ್ಟೇ ಜೋರಿನ ಗಾಳಿ ಖಾಲಿ ಗದ್ದೆ ಮೇಲೆ ಹೋದರೆ ಶೀಟ್‌ನಲ್ಲಿ ನಷ್ಟ ಸೊನ್ನೆ. ಎಲ್ ರೀನೋದ ಬಯಲಿನ ಪಾಠವೇ ಇದು.

ಪರಿಹಾರದ ಮೊತ್ತವನ್ನು ನಷ್ಟ ಅಂತ ಬರೆಯಬೇಡಿ. ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ನಿಯಮದಲ್ಲಿ ನೂರಕ್ಕೆ 33 ಅಥವಾ ಅದಕ್ಕೂ ಹೆಚ್ಚು ಬೆಳೆ ಹಾಳಾಗಿದ್ದರೆ ಮಾತ್ರ ಪರಿಹಾರ. 2022–23ರಿಂದ 2025–26ರವರೆಗಿನ ದರದಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಒಬ್ಬ ರೈತನಿಗೆ 2 ಹೆಕ್ಟೇರ್‌ವರೆಗೆ ಮಾತ್ರ. ಹಾಗಾಗಿ ನೂರಕ್ಕೆ 30 ಬೆಳೆ ಕಳೆದುಕೊಂಡವರು ಆ ಪಟ್ಟಿಯಲ್ಲೇ ಇರುವುದಿಲ್ಲ. ಐದು ಹೆಕ್ಟೇರ್ ಕಳೆದುಕೊಂಡವರ ನಷ್ಟ ಎರಡೇ ಹೆಕ್ಟೇರ್ ಅಂತ ಕಾಣುತ್ತದೆ. ಪಂಚನಾಮೆಯ ಪಟ್ಟಿ ಸಿಕ್ಕರೆ ಒಳ್ಳೆಯದೇ. ಅದರ ಪಕ್ಕಕ್ಕೆ ಊರಲ್ಲೇ ಕೇಳಿ ಬರೆದ ಎಕರೆಯ ಕಾಲಂ ಬೇರೆಯಾಗಿ ಇರಲಿ. ಎರಡನ್ನೂ ಪಕ್ಕಪಕ್ಕದ ಕಂಬದಲ್ಲಿ ಹಾಕಿ. ಆ ಎರಡು ಕಂಬದ ನಡುವಿನ ಅಂತರವನ್ನು ಗ್ರಾಮ ಸಭೆಯಲ್ಲಿ ತೋರಿಸಿ ಮಾತಾಡಬಹುದು. ನನ್ನ ಮಟ್ಟಿಗೆ ಈ ಶೀಟ್ ಮಾಡುವುದೇ ಅದಕ್ಕಾಗಿ.

ಚಾರ್ಟ್ ಹೊರಗೆ ಕೊಡುವ ಮುಂಚೆ

ತಲೆಬರಹದಲ್ಲಿ ಚಾರ್ಟ್ ಏನು ಹೇಳುತ್ತದೆ ಅಂತ ಒಂದು ವಾಕ್ಯ ಬರೆಯಿರಿ. ಗಾಳಿ ವಿಶ್ಲೇಷಣೆ ಅಂತ ಸುಮ್ನೆ ಬರೆದರೆ ಸಾಲದು. ಸಾವಿನ ಪಾಲು ಇಎಫ್4, ಇಎಫ್5ರಲ್ಲೇ ಜಾಸ್ತಿ ಅಂತ ಬರೆದರೆ ಓದುವವರು ಅದನ್ನೇ ಹುಡುಕುತ್ತಾರೆ. ಕಂಬದ ಚಾರ್ಟ್‌ನ ನೆಟ್ಟಗಿನ ಅಕ್ಷ ಸೊನ್ನೆಯಿಂದಲೇ ಶುರುವಾಗಲಿ, ಇಲ್ಲದಿದ್ದರೆ ಸಣ್ಣ ಅಂತರ ದೊಡ್ಡದಾಗಿ ಕಾಣುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಪ್ರಿಂಟ್ ತೆಗೆದರೆ ಹೆಚ್ಚಾಗಿ ಕಪ್ಪು ಬಿಳುಪಿನಲ್ಲೇ ಬರುತ್ತದೆ. ಆದ್ದರಿಂದ ಬರೀ ಕೆಂಪು ಹಸಿರು ನಂಬಬೇಡಿ, ಒಂದು ತೀರ ಗಾಢ, ಇನ್ನೊಂದು ತೀರ ತೆಳು ಇರಲಿ.

ಚಾರ್ಟ್‌ನ ಕೆಳಗೆ ಚಿಕ್ಕ ಅಕ್ಷರದಲ್ಲಿ ನಾಲ್ಕು ವಿಷಯ ಬರೆಯಿರಿ: ಅಂಕಿಅಂಶ ಎಲ್ಲಿಂದ ತಂದಿರಿ, ಯಾವ ತಾರೀಖಿನವರೆಗಿನದು, ಎಷ್ಟು ಸಾಲು ಹೊರಗಿಟ್ಟಿರಿ, ಯಾಕೆ ಹೊರಗಿಟ್ಟಿರಿ. ತಾಲ್ಲೂಕಿನ ಶೀಟ್ ಆದರೆ ಐದನೆಯದೂ ಬೇಕು: ಗಾಳಿ ಬಡಿದಿದ್ದರೂ ಪಟ್ಟಿಗೆ ಸೇರದೆ ಉಳಿದ ಊರುಗಳ ಹೆಸರು.